ಸುಂಕಣ್ಣನ ಬನ್ನಿ ಕಾರ್ಡು

ಬಳ್ಳಾರಿಯಲ್ಲಿ ಶರತ್ಕಾಲ ಬರುವುದು ಕ್ಯಾಲೆಂಡರಿನಲ್ಲಿ ಮಾತ್ರ. ಊರಿನವರನ್ನು ಕೇಳಿದರೆ ಇಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ; ನಡುವೆ ನಾಲ್ಕು ಹನಿ ಉದುರಿದರೆ ಅದಕ್ಕೆ ಮರ್ಯಾದೆಗೆಂದು ಮಳೆಗಾಲ ಅಂತ ಹೆಸರಿಟ್ಟಿದ್ದಾರೆ. ಇಂಥ ಊರಿನಲ್ಲಿ ಐವತ್ತೆಂಟು ದಾಟಿದ ಸುಂಕಣ್ಣ ಬಣ್ಣದ ಪೆನ್ಸಿಲು ಹಿಡಿದು ಶರತ್ಕಾಲದ ಶುಭಾಶಯದ ಕಾರ್ಡು ಮಾಡಲು ಕೂತನೆಂದರೆ, ಅದಕ್ಕೆ ಕಾರಣ ಶರತ್ಕಾಲವಲ್ಲ, ಅವನ ತಂಗಿ.

ಸುಂಕಣ್ಣನದು ಕೋರ್ಟಿನ ಹತ್ತಿರ ರಬ್ಬರ್ ಸ್ಟಾಂಪಿನ ಅಂಗಡಿ, ಅಪ್ಪನ ಕಾಲದ್ದು. ಊರಿನ ಎಷ್ಟೋ ಕಚೇರಿಗಳ ‘ಸ್ವೀಕರಿಸಿದೆ’, ‘ತಿರಸ್ಕರಿಸಿದೆ’ಗಳೆಲ್ಲ ಆ ಮೂರು ಮೊಳದ ಅಂಗಡಿಯಿಂದಲೇ ಹೋದವು. ಅಪ್ಪ ಬಿಟ್ಟುಹೋದ ಕಟ್ಟಳೆ ಒಂದೇ. ಸೀಲನ್ನು ಗಿರಾಕಿಯ ಕೈಗೆ ಕೊಡುವ ಮುಂಚೆ ಕಾಗದದ ಮೇಲೆ ಒತ್ತಿ, ಮೂಡಿದ್ದನ್ನು ಅವರೆದುರು ಗಟ್ಟಿಯಾಗಿ ಓದಬೇಕು. ಓದದ ಸೀಲು ಅಂಗಡಿಯ ಮೆಟ್ಟಿಲು ಇಳಿಯಬಾರದು. ಆ ಅಂಗಡಿಯಲ್ಲೇ ಆಡಿ ಬೆಳೆದ ತಂಗಿ ಹನುಮಮ್ಮ ಶಾಲೆಗೆ ಸೇರುವ ಮುಂಚೆಯೇ ರಬ್ಬರಿನ ಮೇಲಿನ ತಿರುಗುಮುರುಗು ಅಕ್ಷರಗಳನ್ನು ಸರಾಗವಾಗಿ ಓದುತ್ತಿದ್ದಳು. ಅವಳಿಗೆ ನೆಟ್ಟಗಿನ ಅಕ್ಷರ ಕಲಿಸಲು ಮೇಷ್ಟ್ರು ಒದ್ದಾಡಿದರು.

ಹನುಮಮ್ಮ ಈಗ ಸಿರುಗುಪ್ಪದಲ್ಲಿ ಅಂಗನವಾಡಿ ಟೀಚರು. ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷವಾಯಿತು. ತಪ್ಪು ಯಾರದೆಂದು ಸುಂಕಣ್ಣನನ್ನು ಕೇಳಿದರೆ ಮೊಬೈಲಿನದು ಎನ್ನುತ್ತಾನೆ. ಮಗಳು ಅನುಷಾಳ ಮದುವೆಯ ಸಮಯದಲ್ಲಿ ಪುರಸೊತ್ತಿಲ್ಲದೆ, ಲಗ್ನಪತ್ರಿಕೆಯ ಫೋಟೊವನ್ನು ಒಂದೇ ಸಲಕ್ಕೆ ಇನ್ನೂರ ಹನ್ನೆರಡು ಮಂದಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದ. ಕೆಳಗೆ ‘ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ ಬರಬೇಕು’ ಎಂದು ಬರೆದಿದ್ದ. ಆ ಇನ್ನೂರ ಹನ್ನೆರಡರಲ್ಲಿ ಗ್ಯಾಸ್ ಸಿಲಿಂಡರ್ ತರುವವನೂ ಇದ್ದ, ಹನುಮಮ್ಮನೂ ಇದ್ದಳು. ಗ್ಯಾಸಿನವನು ಹಾಗೇ ಭಾವಿಸಿ ಬಂದು ಉಂಡು ಹೋದ. ಹನುಮಮ್ಮ ಭಾವಿಸಲಿಲ್ಲ. ತಾಯಿ ಸತ್ತ ಮೇಲೆ ಅನುಷಾಳ ತಲೆ ಬಾಚಿದವಳು, ಸೀರೆ ಉಡಲು ಕಲಿಸಿದವಳು ಅವಳೇ. ಅವಳ ಹಣೆಗೆ ಕುಂಕುಮ ಹಚ್ಚಿ ಕರೆಯದೆ ಮದುವೆ ಮಾಡಿದ್ದು ಘೋರ ಅನ್ಯಾಯ. ಅದನ್ನು ಸುಂಕಣ್ಣನೂ ಬಲ್ಲ. ಬಲ್ಲವನು ಬಾಯಿಬಿಟ್ಟು ಹೇಳಬೇಕಲ್ಲ, ಅಲ್ಲೇ ಬಂತು ಕಷ್ಟ.

ಈಗ ಅನುಷಾ ಏಳು ತಿಂಗಳ ಬಸುರಿ, ಕಂಟೋನ್ಮೆಂಟಿನ ತವರುಮನೆಗೆ ಬಂದಿದ್ದಾಳೆ. ದಸರೆ ಮುಗಿದ ಒಂಬತ್ತನೇ ದಿನಕ್ಕೆ ಕುಬಸ, ಅಂದರೆ ಸೀಮಂತ. ಆ ಮನೆತನದಲ್ಲಿ ಉಡಿಗೆ ಮೊದಲ ಹಿಡಿ ಅಕ್ಕಿ ಹಾಕುವವಳು ಸೋದರತ್ತೆ. ಅತ್ತೆ ಬಾರದಿದ್ದರೆ ತಾನು ಹಸೆಮಣೆ ಏರುವುದಿಲ್ಲವೆಂದು ಅನುಷಾ ಸಾಫ್ ಹೇಳಿಬಿಟ್ಟಳು.

“ಅಪ್ಪ, ಬಸ್ಸಿಗೆ ಎರಡು ತಾಸಿನ ಹಾದಿ. ಹೋಗಿ ಕರದು ಬಾ.”

“ದೊಡ್ಡಾವ ನಾನು. ದಸರಿಗೆ ಸಣ್ಣಾಕಿ ಬಂದು ದೊಡ್ಡಾವನ ಕೈಗೆ ಬನ್ನಿ ಕೊಡಬೇಕು. ಅದು ಪದ್ಧತಿ.”

ಈ ಪದ್ಧತಿಯನ್ನು ನಂಬಿ ಅವನು ಎರಡು ದಸರೆ ಕಳೆದಿದ್ದ. ವಿಜಯದಶಮಿಯ ಸಂಜೆ ತಟ್ಟೆ ತುಂಬ ಬನ್ನಿ ಎಲೆ ಇಟ್ಟುಕೊಂಡು ಬಾಗಿಲಲ್ಲಿ ಕೂತು, ಓಣಿಯವರೆಲ್ಲ ಬಂದು ‘ಬಂಗಾರದಂಗ ಇರೋಣ’ ಎಂದು ಎಲೆ ಬದಲಿಸಿ ಹೋದ ಮೇಲೂ ಸಿರುಗುಪ್ಪದ ಬಸ್ಸುಗಳ ಹೊತ್ತನ್ನು ಲೆಕ್ಕಹಾಕುತ್ತ ಕೂತಿರುತ್ತಿದ್ದ. ಹೋಗಿಬಿಟ್ಟರೆ ಸೋತಂತೆ, ಹೋಗದಿದ್ದರೆ ತಂಗಿಯಿಲ್ಲ. ಆಗ ಅನುಷಾ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಅದರಲ್ಲಿ ಬಿಳಿ ಕೈಗಳೆರಡು ಎಲೆಯಾಕಾರದ ಸ್ಟಾಂಪು ಒತ್ತಿ, ಬಣ್ಣದ ಪೆನ್ಸಿಲು ತೀಡಿ, ಶರತ್ಕಾಲದ ಕಾರ್ಡು ಮಾಡುತ್ತಿದ್ದವು. ಅವಳು ತೋರಿಸಿದ್ದು ಹೊತ್ತು ಹೋಗದೆ. ಸುಂಕಣ್ಣನಿಗೆ ಕಂಡದ್ದು ಬೇರೆ: ಕಾರ್ಡು ಅಂಚೆಯಲ್ಲಿ ಹೋಗುತ್ತದೆ, ತಾನು ಹೋದಂತೆಯೂ ಆಗುತ್ತದೆ, ಹೋಗಲಿಲ್ಲವೆಂದೂ ಹೇಳಬಹುದು. ಕಾಗದ ಕಳಿಸಿ ಕೆಡಿಸಿಕೊಂಡದ್ದನ್ನು ಇನ್ನೊಂದು ಕಾಗದ ಕಳಿಸಿ ಸರಿಮಾಡಲು ಹೊರಟಿದ್ದೇನೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ವಿಡಿಯೊದ ಕೆಂಪು ಎಲೆಗೆ ಐದು ಬೆರಳಿದ್ದವು. ಇದು ಔಡಲ ಎಲೆ, ಇದನ್ನು ಕಳಿಸಿದರೆ ನಿಮ್ಮತ್ತೆ ಹೊಟ್ಟೆ ತೊಳೆಯಲು ಎಣ್ಣೆ ಕಳಿಸಿದ್ದಾರೆ ಅಂದುಕೊಂಡಾಳು ಎಂದು ಸುಂಕಣ್ಣ ಅದನ್ನು ತಳ್ಳಿಹಾಕಿದ. ನಮ್ಮ ಶರತ್ಕಾಲಕ್ಕೆ ಎಲೆಯೆಂದರೆ ಬನ್ನಿಯೇ. ಅದನ್ನು ಯಂತ್ರದಲ್ಲಲ್ಲ, ಅಪ್ಪನಂತೆ ಬ್ಲೇಡಿನಲ್ಲಿ ಕೈಯಾರೆ ಕೊರೆಯುವುದೆಂದು ತೀರ್ಮಾನವಾಯಿತು. ಕೊರೆಯಲು ಮಾದರಿ ಬೇಕು. ಕಂಟೋನ್ಮೆಂಟಿನಲ್ಲೇ ಬನ್ನಿ ಮರಗಳಿದ್ದವು. ಆದರೆ ಕುಣಿಯಲಾರದವಳಿಗೆ ನೆಲ ಡೊಂಕು. ಹಳೆಯ ಮರದ ಎಲೆಯೇ ಬೇಕೆಂದು ಅವನು ಕುರುಗೋಡಿನ ಗೆಳೆಯ ಗಾದೆಪ್ಪನ ಹೊಲಕ್ಕೆ ಹೋದ.

ಗಾದೆಪ್ಪ ಎಲೆ ಕಿತ್ತುಕೊಟ್ಟು, ಚಹಾ ಕುಡಿಸಿ, ಬಸ್‌ಸ್ಟ್ಯಾಂಡಿಗೆ ಬಂದ. ಅಲ್ಲಿ ಸಿರುಗುಪ್ಪದ ಬೋರ್ಡು ಹೊತ್ತ ಬಸ್ಸೊಂದು ಬಾಗಿಲು ತೆರೆದುಕೊಂಡು ನಿಂತಿತ್ತು.

“ಸಿರಿಗೇರಿ ಮ್ಯಾಲಿಂದ ಹೋಗ್ತೈತಿ. ಹತ್ತಿಬಿಟ್ರ ಮಧ್ಯಾಹ್ನದ ಊಟಕ್ಕ ತಂಗಿ ಮನ್ಯಾಗ ಇರ್ತಿ ನೋಡು,” ಎಂದ ಗಾದೆಪ್ಪ.

“ಕಾರ್ಡು ಇನ್ನೂ ಆಗಿಲ್ಲಪ.”

ಅರ್ಧ ದಾರಿ ಹೋಗಿದ್ದ ಮನುಷ್ಯ ಎಲೆ ಕಿಸೆಯಲ್ಲಿಟ್ಟುಕೊಂಡು ತಿರುಗಿ ಬಳ್ಳಾರಿಯ ಬಸ್ಸು ಹತ್ತಿದ.

ಬನ್ನಿಯೆಂದರೆ ಕಡ್ಡಿಯ ಎರಡೂ ಬದಿಗೆ ಅಕ್ಕಿಕಾಳಿನಂಥ ಪುಟ್ಟ ಎಲೆಗಳ ಸಾಲು. ಒಂದೊಂದನ್ನೂ ಕೊರೆಯುವಷ್ಟರಲ್ಲಿ ಸುಂಕಣ್ಣನ ಕಣ್ಣು ಬತ್ತಿತು. ನಾಲ್ಕು ರಬ್ಬರು ಹಾಳಾಗಿ ಐದನೆಯದು ಕೂಡಿಬಂತು. ಗಿರಾಕಿಗಳು ಬಾಗಿಲಲ್ಲಿ ಕಾದು ನಿಂತರು. ಒಬ್ಬ ವಕೀಲರು ಬೈದೂ ಹೋದರು. ಅನುಷಾಳ ಪೆನ್ಸಿಲ್ ಡಬ್ಬಿಯ ಹಸಿರಿನ ಮೇಲೆ ಹಳದಿ ತೀಡಿ ಬಂಗಾರದ ಬಣ್ಣ ಬರಿಸುವುದಕ್ಕೆ ಎರಡು ದಿನ ಹೋಯಿತು. ಎರಡು ತಾಸಿನ ಪ್ರಯಾಣ ಉಳಿಸಲು ಅವನು ಹನ್ನೊಂದು ದಿನ ಕೆಲಸ ಮಾಡಿದ, ಸಂತೋಷದಿಂದಲೇ ಮಾಡಿದ.

ಕಾರ್ಡಿನ ಒಳಗೆ ಕುಬಸದ ದಿನ ಬರೆದು, ‘ಬಂಗಾರದಂಗ ಇರೋಣ’ ಎಂದು ಬರೆದು, ಸಹಿ ಹಾಕಿದ. ಸಹಿಯ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಉಳಿಯಿತು. ಅದು ಯಾಕೆಂದು ಅನುಷಾ ಕೇಳಿದ್ದಕ್ಕೆ ಚಂದಕ್ಕೆ ಎಂದ. ನಿಜವೇನೆಂದರೆ ಎಲೆಯ ಜೊತೆಗೆ ಅವನು ಇನ್ನೊಂದು ಚಿಕ್ಕ ಸೀಲನ್ನೂ ಕೊರೆದಿದ್ದ, ಒಂದೇ ಪದದ್ದು. ಅದನ್ನು ರದ್ದಿ ಪೇಪರಿನ ಮೇಲೆ ಒತ್ತಿ ನೋಡಿದ. ಚೆನ್ನಾಗಿಯೇ ಮೂಡಿತ್ತು. ಆದರೂ ಕಾರ್ಡಿನ ಮೇಲೆ ಒತ್ತಲು ಕೈ ಏಳಲಿಲ್ಲ.

ಇಷ್ಟೆಲ್ಲ ಆಗುವಷ್ಟರಲ್ಲಿ ಹಬ್ಬ ಬಾಗಿಲಿಗೆ ಬಂದಿತ್ತು. ಅಂಚೆ ಕಚೇರಿಯ ಕೌಂಟರಿನಲ್ಲಿದ್ದವರು, ನಡುವೆ ರಜೆಗಳಿವೆ, ದಸರೆಯೊಳಗೆ ಮುಟ್ಟುವ ಭರವಸೆಯಿಲ್ಲ ಎಂದರು. ದಸರೆ ಮುಗಿದ ಮೇಲೆ ಬಂದ ಬನ್ನಿಗೆ ಯಾರು ಬೆಲೆ ಕೊಟ್ಟಾರು. ಸುಂಕಣ್ಣ ರಾತ್ರಿಯೆಲ್ಲ ಯೋಚಿಸಿ ಉಪಾಯ ಕಂಡುಹಿಡಿದ: ಕಾರ್ಡನ್ನು ತಾನೇ ಒಯ್ಯುವುದು. ವಿಜಯದಶಮಿಯ ಸಂಜೆ ಹನುಮಮ್ಮ ಗುಡಿಗೆ ಹೋಗಿರುತ್ತಾಳೆ, ಬಾಗಿಲ ಸಂದಿಯಲ್ಲಿ ತೂರಿಸಿ ಮುಂದಿನ ಬಸ್ಸಿಗೆ ವಾಪಸ್ಸು ಬಂದುಬಿಡುವುದು. ತಂಗಿಯ ಮನೆಗೆ ಹೋಗದೆ ಉಳಿಯಲು ತಂಗಿಯ ಮನೆಯವರೆಗೂ ಹೋಗುವ ಈ ಯೋಜನೆ ಕೇಳಿ ಅನುಷಾ ನಕ್ಕಳು, ಆದರೆ ತಡೆಯಲಿಲ್ಲ. ಚಿಕ್ಕ ಸೀಲನ್ನು ಅವನು ಜುಬ್ಬದ ಕಿಸೆಗೆ ಹಾಕಿಕೊಂಡ, ಬಸ್ಸಿನಲ್ಲಿ ಧೈರ್ಯ ಬಂದರೆ ಒತ್ತಿದರಾಯಿತೆಂದು. ಒತ್ತದಿರಲು ರಸ್ತೆಯ ಕುಣಿಗಳು ಅವನಿಗೆ ಒಳ್ಳೆಯ ನೆಪವಾದವು.

ವಿಜಯದಶಮಿಯ ಸಂಜೆ ಊರಿನ ಓಣಿಯಲ್ಲಿ ಕದ್ದು ನಡೆಯಬಹುದೆಂದು ಯೋಚಿಸಿದ್ದೇ ಅವನ ದೊಡ್ಡ ತಪ್ಪು. ಅವತ್ತು ಇಡೀ ಸಿರುಗುಪ್ಪ ಹೊಸ ಬಟ್ಟೆಯುಟ್ಟು ಬೀದಿಯಲ್ಲಿತ್ತು. ಬಸ್‌ಸ್ಟ್ಯಾಂಡು ದಾಟುವಷ್ಟರಲ್ಲೇ ಗುರುತಿಲ್ಲದ ಹಿರಿಯರೊಬ್ಬರು ಅವನ ಕೈಗೆ ಬನ್ನಿಯಿಟ್ಟರು. ಆಮೇಲೆ ಒಂದು ಹುಡುಗಿಯರ ಗುಂಪು, ಸೈಕಲ್ ರಿಪೇರಿಯವನು, ಕಿರಾಣಿ ಅಂಗಡಿಯ ದಂಪತಿ. ಕೊಟ್ಟ ಬನ್ನಿ ಬೇಡವೆನ್ನುವ ಹಾಗಿಲ್ಲ, ನೆಲಕ್ಕೆ ಹಾಕುವ ಹಾಗೂ ಇಲ್ಲ. ತಂಗಿಯ ಓಣಿ ಮುಟ್ಟುವಾಗ ಅವನ ಕಿಸೆ ಉಬ್ಬಿತ್ತು. ಹನುಮಮ್ಮ ಗುಡಿಯಿಂದ ಬೇಗ ಬಂದು, ಎಲೆಯ ತಟ್ಟೆ ಮುಂದಿಟ್ಟುಕೊಂಡು, ತೆರೆದ ಬಾಗಿಲ ಹೊಸ್ತಿಲಲ್ಲೇ ಕೂತಿದ್ದಳು. ಥೇಟ್ ಅವನು ಬಳ್ಳಾರಿಯಲ್ಲಿ ಕೂರುತ್ತಿದ್ದ ಹಾಗೆ.

ಅಣ್ಣ ಲಕೋಟೆ ಚಾಚಿದ. ತಂಗಿ ಎದ್ದು, ತೆಗೆದುಕೊಂಡು, ಕಾರ್ಡು ಬಿಚ್ಚಿ ನೋಡಿದಳು. ಅಂಗನವಾಡಿಯ ಮಕ್ಕಳ ಚಿತ್ರ ನೋಡಿ ಪಳಗಿದ ಕಣ್ಣು. ಬಣ್ಣ ಗೆರೆ ದಾಟಿದ ಎರಡು ಕಡೆ ಬೆರಳಿಟ್ಟಳು. ಆಮೇಲೆ ಒಳಗಿನಿಂದ ಒಂದು ಚೊಂಬು ನೀರು ತಂದುಕೊಟ್ಟು, ಬಿಸಿಲಲ್ಲಿ ಬಂದ ಪೋಸ್ಟ್‌ಮ್ಯಾನನ್ನು ಕೇಳುವಂತೆ ಕೇಳಿದಳು.

“ಯಾರು ಕಳಿಸ್ಯಾರ್ರಿ ಇದನ್ನ?”

ಆ ‘ರಿ’ ಸುಂಕಣ್ಣನ ಎದೆಗೆ ಚುಚ್ಚಿತು. ಹುಟ್ಟಿದಾಗಿನಿಂದ ಏಕವಚನದಲ್ಲಿ ಜಗಳಾಡಿದ ತಂಗಿ. ಅವನು ತೊದಲುತ್ತ ನಾನೇ ಎಂದ.

“ಕಳಿಸಿದವ್ರು ತಾವ ಬಂದಿದ್ರ ಚಲೋ ಇತ್ತು ಅಂತ ಹೇಳ್ರಿ ಅವ್ರಿಗೆ.”

ಅಷ್ಟರಲ್ಲಿ ಅವಳ ಕಣ್ಣು ಉಬ್ಬಿದ ಕಿಸೆಯ ಮೇಲೆ ಬಿತ್ತು. ಜುಬ್ಬದ ಅಂಚಿನಲ್ಲಿ ಬನ್ನಿಯ ಕಡ್ಡಿಗಳು ಇಣುಕುತ್ತಿದ್ದವು. ಮೂರು ವರ್ಷ ತಡೆದುಕೊಂಡಿದ್ದ ಸಿಟ್ಟು ಅವಳಿಗೆ ಆಗ ಬಂತು.

“ಊರ ಮಂದಿ ಕೊಟ್ಟ ಬಂಗಾರ ಕಿಸೆದಾಗ ಇಟ್ಕೊಂಡು, ತಂಗಿಗೆ ಚಿತ್ರ ತಂದಿ ಏನಣ್ಣ?”

ಬೈದದ್ದು ಏಕವಚನದಲ್ಲಿ. ಸುಂಕಣ್ಣನಿಗೆ ಹೋದ ಜೀವ ಬಂದಂತಾಯಿತು. ಅವನು ಕಿಸೆಯ ಎಲೆಯನ್ನೆಲ್ಲ ಬಾಚಿ ಅವಳ ಬೊಗಸೆಗೆ ಸುರಿದ. ಎಲೆಯ ಜೊತೆಗೆ ಚಿಕ್ಕ ಸೀಲೂ ಬಿತ್ತು.

ಹನುಮಮ್ಮ ಎಲೆಯನ್ನು ತಟ್ಟೆಗೆ ಹಾಕಿ ಸೀಲನ್ನು ಬೆಳಕಿಗೆ ತಿರುಗಿಸಿದಳು. ರಬ್ಬರಿನ ಮೇಲಿನ ಅಕ್ಷರ ಬೇರೆ ಯಾರಿಗಾದರೂ ಗೀಚಿದಂತೆ ಕಾಣಬೇಕು. ಅವಳಿಗೆ ಅದು ಅ ಆ ಇ ಈ. ಆಮೇಲೆ ಅಪ್ಪ ಮಾಡುತ್ತಿದ್ದಂತೆ ಒಣಗಿದ ಶಾಯಿಗೆ ಎರಡು ಸಲ ಬಾಯಿಯ ಬಿಸಿಯುಸಿರು ಬಿಟ್ಟು, ಕಾರ್ಡನ್ನು ಹೊಸ್ತಿಲ ಮೇಲಿಟ್ಟು, ಸಹಿಯ ಕೆಳಗಿನ ಖಾಲಿ ಜಾಗದಲ್ಲಿ ಒತ್ತಿದಳು. ಮಸುಕಾಗಿ ಮೂಡಿತು. ಕಾರ್ಡನ್ನು ಅಣ್ಣನ ಕಡೆ ತಿರುಗಿಸಿದಳು.

“ಅಪ್ಪ ಓದದ ಕೊಡ್ತಿದ್ನೇನು? ಓದು.”

ಕಟ್ಟಳೆಯೆಂದರೆ ಕಟ್ಟಳೆ. ಸುಂಕಣ್ಣ ಕನ್ನಡಕ ಏರಿಸಿದ. ಸಾವಿರಾರು ಸೀಲುಗಳನ್ನು ಗಟ್ಟಿಯಾಗಿ ಓದಿದ್ದವನು ಈ ಮೂರು ಅಕ್ಷರವನ್ನು ಕಾರ್ಡಿಗಷ್ಟೇ ಕೇಳುವಂತೆ ಓದಿದ.

“ತಪ್ಪಾತು.”

“ಗಿರಾಕಿಗೆ ಕೇಳಲಿಲ್ಲ.”

“ತಪ್ಪಾತವ್ವ.”

ಆ ‘ಅವ್ವ’ ಸೀಲಿನಲ್ಲಿ ಇರಲಿಲ್ಲ. ಹನುಮಮ್ಮ ಅದನ್ನು ತಪ್ಪೆಂದು ಎತ್ತಿ ಆಡಲಿಲ್ಲ. ತಟ್ಟೆಯಿಂದ ಎಲೆ ತೆಗೆದು ಅಣ್ಣನ ಕೈಗಿಟ್ಟು, ಪದ್ಧತಿಯಂತೆ ಕಾಲಿಗೆ ಬಾಗಿದಳು. ಅವಳು ಬಾಗಲೆಂದೇ ಎರಡು ದಸರೆ ಕಾದು ಕೂತವನು ಈಗ ಕಾಲು ಹಿಂದೆಳೆದುಕೊಂಡು, ಬೇಡ ಏಳು ಎಂದು ಅತ್ತುಬಿಟ್ಟ. ಓಣಿಯವರು ನೋಡುತ್ತಿದ್ದರು. ನೋಡಲಿ ಎಂದುಕೊಂಡು ಇನ್ನೂ ಸ್ವಲ್ಪ ಅತ್ತ.

ಒಳಗೆ ಹೋಳಿಗೆ ಬಡಿಸಿ, ಅನುಷಾ ಹೇಗಿದ್ದಾಳೆಂದು ಮೂರು ಸಲ ಕೇಳಿ ಮುಗಿದ ಮೇಲೆ ಹನುಮಮ್ಮ ಹಣೆ ಮುಂದೆ ಮಾಡಿ ನಿಂತಳು. ಹನ್ನೊಂದು ದಿನ ತಯಾರಿ ಮಾಡಿದ ಸುಂಕಣ್ಣ ಕುಂಕುಮವನ್ನೇ ತಂದಿರಲಿಲ್ಲ. ಅವಳದೇ ದೇವರ ಗೂಡಿನ ಭರಣಿ ತೆಗೆದು, ಅವಳದೇ ಕುಂಕುಮ ಅವಳ ಹಣೆಗಿಟ್ಟು, ಮಗಳ ಕುಬಸಕ್ಕೆ ಕರೆದ. ಎರಡು ದಿನ ಮುಂಚೆಯೇ ಬರುತ್ತೇನೆಂದಳು.

ಹೊರಡುವಾಗ ಅವನು ಸೀಲಿಗೆ ಕೈಚಾಚಿದ. ಅಂಗಡಿಯ ಮಾಲು, ಹಿಡಿಕೆ ಒಳ್ಳೆಯ ಸಾಗುವಾನಿಯದು.

“ಇದು ಇಲ್ಲೇ ಇರ್ಲಿ,” ಎಂದಳು ಹನುಮಮ್ಮ. “ನಿನಗ ಮತ್ತ ಬೇಕಾಗ್ತೈತಿ. ಬೇಕಾದಾಗ ಬಂದು ಕೇಳು.”

ಹೇಳಿ, ಸೀಲನ್ನು ಕುಂಕುಮದ ಭರಣಿಯ ಪಕ್ಕ ಇಟ್ಟಳು.