ಹಂಪಕ್ಕನ ಕೋಣೆಗೆ ಗಾಲೀಚು

ಕೆಂಪು, ಅಂಚಿಗೆ ಮಾತ್ರ ನೀಲಿ, ಸುರುಳಿಯ ಬಾಯಲ್ಲಿ ಕಾಣುವುದು ಅಷ್ಟೇ, ಒಳಗೇನಿದೆಯೋ ಬಿಚ್ಚಿದರಲ್ಲವೇ ತಿಳಿಯುವುದು, ನಿನ್ನೆ ಸಿರುಗುಪ್ಪದ ಬಸ್ಸಿನ ಮೇಲಿಂದ ಇಳಿಸಿದಾಗ ಇದ್ದ ಹಗ್ಗ ಹಾಗೇ ಇದೆ, ಗಾಲೀಚು ಗೋಡೆಗೆ ಒರಗಿ ಕೂತಿದೆ, ಹೇಳದೆ ಕೇಳದೆ ಬಂದ ನೆಂಟರ ಹಾಗೆ, ನನ್ನ ಮಗಳು ಹಂಪಕ್ಕನ ಕೋಣೆಯಲ್ಲಿ — ಮೊದಲು ಇಲ್ಲಿ ಜೋಳದ ಚೀಲ ಇಡುತ್ತಿದ್ದೆವು, ಹೋದ ಬೇಸಿಗೆಯ ಜ್ವರದಲ್ಲಿ ಅವಳ ಎಡಗಾಲು ಸೋತುಹೋದ ಮೇಲೆ ಚೀಲ ತೆಗೆಸಿ ಕೋಣೆಯನ್ನು ಅವಳಿಗೇ ಬಿಟ್ಟೆವು, ಗೋಡೆಯುದ್ದಕ್ಕೂ ಇವರು ಬಿದಿರಿನ ಗಳ ಕಟ್ಟಿಸಿದ್ದಾರೆ, ಹಿಡಿದುಕೊಂಡು ಎರಡು ಹೆಜ್ಜೆ ಹಾಕುತ್ತಾಳೆ, ಮೂರು, ಎಡಗಾಲು ಬಟ್ಟೆಯ ಗೊಂಬೆಯ ಕಾಲಿನಂತೆ ಎಳೆದುಕೊಂಡು ಬರುತ್ತದೆ, ಆಮೇಲೆ ಬೀಳುತ್ತಾಳೆ, ಕೆಳಗೆ ಕಡಪದ ಕಲ್ಲು. ಹತ್ತು ದಿನದ ಹಿಂದೆ ಗದ್ದ ಒಡೆಯಿತು. ಎರಡು ಹೊಲಿಗೆ, ಮೂರೂವರೆ ವರ್ಷದ ಗದ್ದಕ್ಕೆ ಎರಡು ಹೊಲಿಗೆ, ಡಾಕ್ಟರು ಸೂಜಿ ಇಡುತ್ತ ನಡಿಗೆ ಬಿಡಿಸಬ್ಯಾಡ್ರಿ, ನೆಲ ಮಾತ್ರ ಮೆತ್ತಗ ಮಾಡ್ರಿ ಅಂದರು, ಅತ್ತೆ ವಿರೂಪಮ್ಮ ಅಷ್ಟನ್ನೇ ಹಿಡಿದುಕೊಂಡು ಸಿರುಗುಪ್ಪದ ತಮ್ಮ ಎರ್ರಣ್ಣನಿಗೆ ಕಾಗದ ಬರೆಸಿದರು, ಕಂಟೋನ್ಮೆಂಟಿನ ಬಿಳಿ ದೊರೆ ತನ್ನ ಸೀಮೆಗೆ ಹೊರಟಾಗ ಎರ್ರಣ್ಣ ಮಾವ ಅವನ ಗಾಲೀಚು ಕೊಂಡಿದ್ದರಂತೆ, ಎಂಟೇ ದಿನಕ್ಕೆ ಕಳಿಸಿಬಿಟ್ಟರು, ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆ.

ಪಾರಮ್ಮಾ, ಹಗ್ಗ ಬಿಚ್ಚಿದೇನವ್ವಾ, ಅಡುಗೆಮನೆಯಿಂದ ಅತ್ತೆ, ರೊಟ್ಟಿ ಬಡಿಯುವ ಸದ್ದು ನಿಂತಿತು, ಬಿಚ್ತೀನಿ ಅತ್ತಿ, ಅನ್ನುತ್ತೇನೆ, ಕೈ ಏಳುವುದಿಲ್ಲ. ನಿನ್ನೆಯಿಂದ ಎಷ್ಟು ನೆವ ಹೇಳಿದೆ, ಧೂಳು ಹಿಡಿತೈತಿ ಅತ್ತಿ, ನಮ್ಮ ಬಳ್ಳಾರಿ ಗಾಳಿಗೆ ದಿನಾ ಒಂದು ಮೊರ ಮಣ್ಣು ಬರ್ತೈತಿ, ಅದಕ್ಕೆ ಅವರು ದಿನಾ ಝಾಡಿಸಿದರಾಯ್ತು, ಕೂಸು ಉಚ್ಚಿ ಹೊಯ್ಯತೈತಿ, ಬಿಸಲಿಗೆ ಹಾಕಿದರಾಯ್ತು, ಎಳಿಯೋ ಕಾಲು ಗಾಲೀಚಿನ ದಾರಕ್ಕ ಸಿಕ್ಕೋತೈತಿ ಅಂದೆ, ಆಗ ಅತ್ತೆ ನನ್ನ ಮುಖವನ್ನೇ ನೋಡಿದರು, ನಿನಗ ಏನಾಗೈತಿ, ಕೂಸಿನ ಗದ್ದ ನೋಡಿದ್ಯೋ ಇಲ್ಲೋ. ನೋಡಿದೆ ಅತ್ತಿ. ನೋಡಿದ್ದೇನೆ, ದಿನಕ್ಕೆ ಹತ್ತು ಸಲ ನೋಡುತ್ತೇನೆ, ಕಲ್ಲನ್ನೂ ನೋಡುತ್ತೇನೆ, ಕಲ್ಲಿಗೆ ಒಂದು ಗುಣವಿದೆ, ಅದರ ಮೇಲೆ ಏನು ಹರಿದರೂ ಕಾಣುತ್ತದೆ, ಇರುವೆ ಕೂಡ ಕಾಣುತ್ತದೆ, ಗಾಲೀಚಿನ ಅಡಿಯಲ್ಲಿ ಯಾರಿಗೆ ಏನು ಕಾಣುತ್ತದೆ, ಕುರುಗೋಡಿನ ತವರುಮನೆಯಲ್ಲಿ ಮದುವೆಗೆಂದು ಹಾಸಿದ ಜಮಖಾನದ ಅಡಿ ನನಗೆ ಕಂಡಿತ್ತೇ — ಬೇಡ, ಅಲ್ಲಿಗೆ ಹೋಗಬೇಡ, ಹಂಪಕ್ಕ ಎಲ್ಲಿ, ಹೊಸಿಲ ಬಳಿ ಕೂತು ಕಡಲೆಕಾಯಿ ಸಿಪ್ಪೆ ಜೋಡಿಸುತ್ತಿದ್ದಾಳೆ, ಆಡಲಿ, ಮಧ್ಯಾಹ್ನ ಇವರು ಸಾಲೆಯಿಂದ ಊಟಕ್ಕೆ ಬರುವುದರೊಳಗೆ ಹಾಸಬೇಕು ಇಲ್ಲವೇ ಬೇಡವೆನ್ನಬೇಕು, ಬೇಡ ಅಂದರೆ ಯಾಕೆ ಅನ್ನುತ್ತಾರೆ, ಮೇಷ್ಟ್ರಿಗೆ ಎಲ್ಲದಕ್ಕೂ ಯಾಕೆ. ಯಾಕೆಂದರೆ ಸುಂಕಿ. ನನ್ನ ತಂಗಿ ಸುಂಕಮ್ಮ, ಆಗ ಅವಳಿಗೆ ಐದು ವರ್ಷ, ನನಗೆ ಒಂಬತ್ತು, ಚಿಕ್ಕಪ್ಪನ ಮದುವೆ, ಹಿರಿಯರೆಲ್ಲ ಊಟದ ಪಂಕ್ತಿಯಲ್ಲಿ, ನಾವಿಬ್ಬರೇ ನಡುಮನೆಯಲ್ಲಿ, ನಾನು ಜಮಖಾನದ ಮೂಲೆ ಎತ್ತಿ ಒಂದು ಕವಡೆ ಒಳಗೆ ತಳ್ಳಿದೆ, ಹುಡುಕೇ ನೋಡೋಣು ಅಂದೆ, ಸುಂಕಿ ಹೊಟ್ಟೆಯ ಮೇಲೆ ಮಲಗಿ ಮೊಳಕೈವರೆಗೆ ಕೈ ತೂರಿಸಿದಳು, ನಗುತ್ತಿದ್ದಳು, ಅಕ್ಕಾ ಏನೋ ಚುಚ್ಚಿತು ಅಂದಳು, ಮುಳ್ಳು ಇರಬೇಕು ಅಂದೆ. ಕೆಂಪು ಚೇಳು. ಕುರುಗೋಡಿನ ಗುಡ್ಡದ ಕಲ್ಲಿನಲ್ಲಿ ಎಲ್ಲೆಲ್ಲೂ ಇರುವಂಥದು, ಹೆಬ್ಬೆರಳಿನಷ್ಟೂ ಇಲ್ಲ. ಮೈಯೆಲ್ಲ ಬೆವತು, ಬಾಯಲ್ಲಿ ನೊರೆ ಬಂದು, ಹೊತ್ತು ಮುಳುಗುವುದರೊಳಗೆ ಮುಗಿಯಿತು, ಯಾಕ ಕೈ ಹಾಕಿದಳವ್ವಾ ಅಂತ ಅವ್ವ ಅಳುತ್ತಿದ್ದಳು, ಗೊತ್ತಿಲ್ಲ ಅಂದೆ, ಹತ್ತೊಂಬತ್ತು ವರ್ಷ ಗೊತ್ತಿಲ್ಲ ಅನ್ನುತ್ತಲೇ ಬಂದೆ, ಅವ್ವ ತೀರಿಹೋದಳು, ಅವಳಿಗೂ ಗೊತ್ತಾಗಲಿಲ್ಲ.

ಯಾರ ಜೋಡಿ ಮಾತಾಡಾಕ ಹತ್ತೀ, ಅತ್ತೆ ಬಾಗಿಲಲ್ಲಿ, ಕೈತುಂಬ ಜೋಳದ ಹಿಟ್ಟು, ನಾನು ಮಾತಾಡುತ್ತಿದ್ದೆನೇ, ಬಾಯಿಂದ ಹೊರಗೆ ಬಂದಿತೇ, ಅತ್ತಿ ನಾನ ಕವಡಿ ಇಟ್ಟೆ, ಅಂದೆ, ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಹಿಂದುಮುಂದಾಗಿ ಎಲ್ಲ ಹೇಳಿದೆ, ಸುಂಕಿ, ಜಮಖಾನ, ಮುಳ್ಳು ಅಂದದ್ದು, ಅತ್ತೆ ನಿಂತೇ ಕೇಳಿದರು, ಬೈಯುತ್ತಾರೆ ಅಂದುಕೊಂಡೆ, ತಂಗಿಯನ್ನು ಕೊಂದವಳು ಅನ್ನುತ್ತಾರೆ, ಅವರು ಕೆಳಗೆ ಕೂತರು, ಒಂಬತ್ತು ವರ್ಷದಾಕಿ, ಅಂದರು, ನಿನಗೇನು ಗೊತ್ತಿತ್ತು, ಆಡೋ ಕೂಸು, ಅಂದರು, ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಒರೆಸಿದರು, ಇಷ್ಟು ದಿನ ಒಬ್ಬಾಕೀನ ಹೆಂಗ ಇಟ್ಕೊಂಡಿದ್ದೆವ್ವಾ. ಆಮೇಲೆ ಗಾಲೀಚಿನ ಕಡೆ ತಿರುಗಿ, ನಿನಗ ಬ್ಯಾಡ ಅಂದ್ರ ಬ್ಯಾಡ, ನಾಳಿ ಬಸ್ಸಿಗೆ ಎರ್ರಣ್ಣಗ ತಿರುಗಿ ಕಳಿಸೋಣು, ಯಾಕ ಅಂತ ನನ್ನ ಮಗ ಕೇಳಿದ್ರ ನಾ ಹೇಳ್ತೀನಿ. ಕಳಿಸಬಹುದು. ನನಗೆ ಬೇಕಾಗಿದ್ದುದು ಇದೇ ಅಲ್ಲವೇ, ಸಿಕ್ಕಿಬಿಟ್ಟಿತು, ಆದರೆ ಎದೆ ಹಗುರಾಗುವುದಿಲ್ಲ, ಹಂಪಕ್ಕ ಗಳ ಹಿಡಿದು ಎದ್ದಿದ್ದಾಳೆ, ಗದ್ದದಲ್ಲಿ ಕಪ್ಪು ದಾರದ ಎರಡು ಗಂಟು, ಇವತ್ತು ಬೀಳುತ್ತಾಳೆ, ನಾಳೆಯೂ ಬೀಳುತ್ತಾಳೆ, ಕಲ್ಲಿನ ಮೇಲೆ, ನನ್ನ ಹೆದರಿಕೆಗಾಗಿ. ಅತ್ತಿ, ಕತ್ತರಿ ಕೊಡ್ರಿ.

ಹಗ್ಗ ಕತ್ತರಿಸಿ ಅಂಗಳಕ್ಕೆ ಎಳೆದೆವು, ಬಿಸಿಲಲ್ಲಿ ಬಿಚ್ಚಿದೆವು, ಅತ್ತೆ ಒಂದು ಕೋಲು, ನಾನೊಂದು ಕೋಲು, ಬಡಿದೆವು, ದೊರೆಯ ಧೂಳು, ಸಿರುಗುಪ್ಪದ ಧೂಳು, ಮಗುಚಿ ಬಡಿದೆವು, ಏನೂ ಇಲ್ಲ, ಒಳತಂದು ಹಾಸಿದೆವು, ಗೋಡೆಯಿಂದ ಗೇಣು ಬಿಟ್ಟು, ದಿನಾ ಮುಂಜಾನಿ ಎತ್ತಿ ನೋಡೋಣು, ನಾ ಒಂದು ತುದಿ ಹಿಡಿತೀನಿ ಅಂದರು ಅತ್ತೆ, ಹೂಂ ಅಂದೆ, ಆದರೂ ಮನಸ್ಸು ಕೇಳದು, ಮೊಣಕಾಲೂರಿ ಮೂಲೆ ಎತ್ತಿ ಕೈ ಒಳಗೆ ತೂರಿಸಿದೆ, ತಣ್ಣನೆ ಕಲ್ಲು, ಮರಳಿನ ಒಂದು ಕಣ, ಮೊಳಕೈವರೆಗೆ, ಏನೂ ಇಲ್ಲ, ಇನ್ನೂ ಒಳಗೆ, ಏನೂ ಇಲ್ಲ, ಅಷ್ಟರಲ್ಲಿ ಗಾಲೀಚು ಅಲುಗಿತು, ಹಂಪಕ್ಕ, ಗಳ ಬಿಟ್ಟು, ಎರಡೂ ಕೈ ಗಾಳಿಯಲ್ಲಿ, ಅವ್ವಾ ಎಲ್ಲಿ ನಿನ್ನ ಕೈ ಅನ್ನುತ್ತ, ಒಂದು ಹೆಜ್ಜೆ, ಮತ್ತೊಂದು, ನನ್ನ ಬೆರಳುಗಳ ಮೇಲೆ ಭಾರ, ಉಣ್ಣೆಯ ಆಚೆಯಿಂದ ಒಂದು ಪುಟ್ಟ ಹಿಮ್ಮಡಿ, ತೇಲುವುದಿಲ್ಲ, ಎಳೆಯುವುದಿಲ್ಲ, ಒತ್ತುತ್ತಿದೆ — ತಲೆ ಎತ್ತಿ ನೋಡಿದೆ, ಬಲಗಾಲು ಮೇಲೆದ್ದಿದೆ, ನನ್ನ ಕೈ ಮೇಲಿರುವುದು ಎಡಗಾಲು, ನೋಯುತ್ತಿದೆ, ಕೈ ತೆಗೆಯುವುದಿಲ್ಲ, ಎಡಗಾಲು, ಉಸಿರು ಬಿಡುವುದಿಲ್ಲ, ಎಡಗಾಲು.