ಹಿಂದೆ ನಿಂತವರೇ ಬರೀಬೇಕು

ನಮ್ಮ ಜಿಮ್ಮಿನಲ್ಲಿ ಯಾರೂ ತಾವೆತ್ತಿದ ತೂಕದ ಲೆಕ್ಕ ತಾವೇ ಪುಸ್ತಕದಲ್ಲಿ ಬರ್ಕೊಳ್ಳೋ ಹಾಗಿಲ್ಲ. ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯಿಂದ ರಾಡ್ ಎತ್ತೋವಾಗ ತಲೆಯ ಹಿಂದೆ ಯಾರು ಕಾವಲು ನಿಂತಿರ್ತಾರೋ ಅವರೇ ಬರೀಬೇಕು. ಇಲ್ಲದಿದ್ರೆ ನಮ್ಮ ಗಂಡಸರು ಎತ್ತಿದ ಐವತ್ತು ಕಿಲೋ ಮನೆ ಮುಟ್ಟೋ ಹೊತ್ತಿಗೆ ನೂರಾಗಿರುತ್ತೆ.

ನನ್ನ ಮದುವೆಗೆ ಮುಂಚಿನಿಂದಲೂ ನನ್ನ ಹಿಂದೆ ನಿಂತಿರೋನು ಬೇಕರಿಯಣ್ಣ. ನಾನು ಲಾರಿ ಗ್ಯಾರೇಜಿನವನು. ಬಾಯಿ ಸ್ವಲ್ಪ ಹರಕು, ಸಿಟ್ಟು ಮೂಗಿನ ತುದೀಲಿ. ಅವನದು ಹಿಟ್ಟು ನಾದಿ ನಾದಿ ಪಳಗಿದ ಕೈ. ರಾಡ್ ಎದೆ ಮೇಲೆ ಸಿಕ್ಕಿಕೊಂಡ್ರೆ ಎರಡು ಬೆರಳು ಕೊಟ್ಟು, "ಏಳೋ ಸೋಮಾರಿ" ಅಂತ ಎಬ್ಬಿಸೋನು. ಆಮೇಲೆ ಪುಸ್ತಕದಲ್ಲಿ "ಎರಡು ಬೆರಳು ನನ್ನದು" ಅಂತಲೂ ಬರೆದಿಡೋನು. ಅಷ್ಟು ಖಡಕ್ಕು.

ಮೊದಲು ತಪ್ಪಿದ್ದು ರಾಡಿನ ತೂಕ. ರಾಡಿನ ತುದಿಗೆ ಹಾಕೋ ಪ್ಲೇಟುಗಳನ್ನ ಮಾತ್ರ ಕೂಡಿಸಿ ಬರೆದ, ರಾಡಿನ ಇಪ್ಪತ್ತು ಕಿಲೋ ಬಿಟ್ಟ. ಮೀಸೆ ಮೂಡದ ಹೊಸಬರು ಮಾಡೋ ತಪ್ಪು ಅದು. "ಏನಣ್ಣ, ರಾಡೇನು ಗಾಳೀಲಿ ತೇಲ್ತಿತ್ತಾ?" ಅಂತ ರೇಗಿಸಿದೆ. ಅವನೂ ನಕ್ಕ. ಮುಂದಿನ ವಾರ ಮತ್ತೆ ಅದೇ. ಈ ಸಲ ನಗಲಿಲ್ಲ. "ರಾಡಿಗೂ ತೂಕ ಇರುತ್ತಾ?" ಅಂತ ಕೇಳಿದ.

ಬೇಕರಿಗೆ ಹೋದಾಗ ಅತ್ತಿಗೆ ಗಲ್ಲಾ ಬಿಟ್ಟು ಹೊರಗೆ ಬಂದರು. "ಮರೆವಿನ ಕಾಯಿಲೆಯಂತೆ ಕಣಪ್ಪ. ಒಲೆ ಹತ್ರ ಬಿಡ್ತಿಲ್ಲ ನಾನು, ಬೆಂಕಿ ಜೊತೆ ಸರಸ ಬೇಡ ಅಂತ. ಇಡೀ ದಿನ ಮೂಲೇಲಿ ಕೂತಿರ್ತಾರೆ. ಸಂಜೆ ಆದ್ರೆ ಮಾತ್ರ ತಾವೇ ಎದ್ದು ಶೂ ಹುಡುಕ್ತಾರೆ. ಅದೊಂದು ಉಳೀಲಿ, ಹೇಗಾದ್ರೂ ಮಾಡು."

ಹೇಗೆ ಮಾಡ್ಲಿ? ಒಂದು ಸಂಜೆ ರಾಡ್ ನನ್ನ ಎದೆ ಮೇಲೆ ಕೂತೇಬಿಡ್ತು. "ಹಿಡಿ ಅಣ್ಣ" ಅಂದೆ. ಅವನು ನನ್ನ ಮುಖ ನೋಡ್ಕೊಂಡು ತಣ್ಣಗೆ ನಿಂತಿದ್ದ. ಯಾರೋ ಓಡಿ ಬಂದು ಎತ್ತಿದರು. ಕೋಚ್ ನನ್ನನ್ನ ಹೊರಗೆ ಕರೆದು, "ನಾಳೆಯಿಂದ ಅವನು ನಿಲ್ಲೋದು ಬೇಡ" ಅಂದರು.

"ಕುತ್ತಿಗೆ ನಂದು, ನನ್ನಿಷ್ಟ" ಅಂತ ಜಗಳಕ್ಕೇ ಬಿದ್ದೆ. ಕೊನೆಗೆ ಕೋಚ್, ಅವನು ನಿಲ್ಲಲಿ, ಆದ್ರೆ ನಾನು ಯಾರ ಸಹಾಯಾನೂ ಇಲ್ಲದೆ ಎತ್ತಿ ಇಡೋಷ್ಟೇ ತೂಕ ಹಾಕ್ಬೇಕು ಅಂತ ಒಪ್ಪಿದರು. ಪ್ಲೇಟು ಕಮ್ಮಿ ಮಾಡಿದೆ. ಅವನ ಮರೆವು ದಿನೇ ದಿನೇ ಜಾಸ್ತಿ ಆಗ್ತಾ ಬಂತು. ಒಮ್ಮೊಮ್ಮೆ ಎತ್ತೋದು ಬಿಟ್ಟು ರಾಡನ್ನ ಕೆಳಕ್ಕೆ ಅದುಮೋನು. ಮತ್ತಷ್ಟು ಕಮ್ಮಿ ಮಾಡಿದೆ. ನಾನು ಅಂಕಿ ಹೇಳ್ತಿದ್ದೆ, ಅವನು ದುಂಡಗೆ ಬರೀತಿದ್ದ. ಹೊಸಬರು ಒಳಗೊಳಗೇ ನಗೋರು. ಹಾಳಾಗಿ ಹೋಗ್ಲಿ ಅಂತ ನಾನು ಮುಂದಿನ ಅಂಕಿ ಹೇಳ್ತಿದ್ದೆ.

ನಿನ್ನೆ ಅವನು ಪುಸ್ತಕ ತಿರುವಿ ಹಾಕ್ತಾ ಕೂತಿದ್ದೋನು ನನ್ನನ್ನ ಚಪ್ಪಲಿ ಸ್ಟ್ಯಾಂಡಿನ ಹತ್ರ ಎಳ್ಕೊಂಡು ಹೋದ. ಕಣ್ಣು ತುಂಬಿತ್ತು.

"ಯಾಕೋ ನನ್ನಿಂದ ಮುಚ್ಚಿಟ್ಟೆ? ಪುಟದಿಂದ ಪುಟಕ್ಕೆ ತೂಕ ಇಳೀತಾನೇ ಇದೆ. ಏನಾಗಿದೆಯೋ ನಿನಗೆ? ಹೆಂಡತಿಗೆ ಹೇಳಿದ್ಯಾ?"

ನಿಜ ಹೇಳಿದ್ರೆ ಅವನು ನಾಳೆಯಿಂದ ಬರಲ್ಲ.

"ಹೂಂ ಅಣ್ಣ. ಶಕ್ತಿ ಹೋಗ್ತಾ ಇದೆ" ಅಂದೆ.

ಅವನು ನನ್ನ ಕೈ ಬಿಗಿಯಾಗಿ ಹಿಡ್ಕೊಂಡ. "ಯಾರಿಗೂ ಬಾಯಿ ಬಿಡಬೇಡ. ಗೊತ್ತಾದ್ರೆ ಮೂಲೇಲಿ ಕೂರಿಸಿಬಿಡ್ತಾರೆ. ತುಂಬಾ ಕಷ್ಟ ಕಣೋ ಹಾಗೆ ಕೂತಿರೋದು. ನೀನು ದಿನಾ ಬಾ. ನಿನ್ನ ಹಿಂದೆ ನಾನು ನಿಲ್ತೀನಿ."

ಆಮೇಲೆ ಉಳಿದಿದ್ದ ಪ್ಲೇಟುಗಳನ್ನೂ ಅವನೇ ಕಳಚಿಟ್ಟ. ನಾನು ಮಲಗಿ ಬರೀ ರಾಡನ್ನ ಎದೆಗೆ ಇಳಿಸಿದೆ. ಅಳು ಒತ್ತರಿಸಿ ಬಂತು, ಅದನ್ನೂ ಎತ್ತೋಕೆ ಆಗಲಿಲ್ಲ.

ಅವನು ಬಗ್ಗಿ ತನ್ನ ಟವಲಿನಿಂದ ನನ್ನ ಮುಖ ಒರೆಸಿದ. "ಪರವಾಗಿಲ್ಲ ಬಿಡು" ಅಂದ. "ಇವತ್ತಿಂದು ಬರೆಯಲ್ಲ ನಾನು."