ಮೆಟ್ಟಿಲ ಮೇಲಿನ ಸಂತಾಪ

ನನ್ನ ಗಂಡ ತೀರಿಕೊಂಡು ಮೂರು ತಿಂಗಳಾಯಿತು. ನಿನ್ನೆಯವರೆಗೆ ಮನೆಯೊಳಗೆ ನಾನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗಟ್ಟಿಗಿತ್ತಿ ಎಂದು ಮೇಲಿನ ಮನೆಯವರು ಹೊಗಳುತ್ತಾರೆ. ಗಟ್ಟಿಗಿತ್ತಿಯೂ ಇಲ್ಲ, ಮಣ್ಣೂ ಇಲ್ಲ. ನಾನು ಅಳುವುದು ನಾದಿನಿಯ ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು.

ನಾದಿನಿಗೆ ಮರೆವಿನ ಕಾಯಿಲೆ. ಮದುವೆಯಾಗದೆ, ಟೆಲಿಫೋನ್ ಆಪರೇಟರ್ ಆಗಿ ದುಡಿದು, ಅಣ್ಣನ ಜೊತೆಗೇ ಉಳಿದವಳು. ಅಣ್ಣ ಸತ್ತದ್ದನ್ನು ಕಣ್ಣಾರೆ ಕಂಡಳು, ಮರುದಿನ ಮರೆತಳು. ಮತ್ತೆ ಹೇಳಿದೆ. ಆಗಷ್ಟೇ ಸತ್ತಂತೆ ಎದೆ ಬಡಿದುಕೊಂಡು ಅತ್ತಳು, ಬಿಪಿ ಏರಿ ಆಸ್ಪತ್ರೆ ಸೇರಿದಳು. ಇನ್ನು ಹೇಳಲೇಬೇಡಿ ಎಂದರು ಡಾಕ್ಟರು. ನನ್ನವರು ಕಾರ್ಖಾನೆಯಿಂದ ನಿವೃತ್ತರಾಗಿದ್ದೂ ಅವಳಿಗೆ ನೆನಪಿಲ್ಲ. ಕೇಳಿದಾಗಲೆಲ್ಲ "ಓವರ್‌ಟೈಮ್ ಕಣೆ" ಎನ್ನುತ್ತೇನೆ. ಸತ್ತ ಮೇಲೂ ಪಾಪ ಆ ಮನುಷ್ಯನಿಗೆ ಬಿಡುವಿಲ್ಲ.

ನೋಡಿಕೊಳ್ಳಲು ಯಾರನ್ನಾದರೂ ಇಡೋಣವೆಂದರೆ ಗಂಡನ ಪಿಂಚಣಿ ಅರ್ಧಕ್ಕಿಳಿದಿದೆ, ಇವಳದು ಔಷಧಿಯಂಗಡಿಗೇ ಸರಿಹೋಗುತ್ತದೆ. ನೆಂಟರು ಮಾತಾಡಿಸಲು ಬಂದರೆ ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ನಿಂತು ಪಿಸುಗುಡಬೇಕು. ಓರಗಿತ್ತಿ ಬಂದಿದ್ದಳು. "ಧೈರ್ಯವಾಗಿರಿ ಅಕ್ಕಾ" ಎಂದು ವಾಚು ನೋಡಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ನಾದಿನಿ, "ಯಾರತ್ತಿಗೆ?" ಎಂದಳು. "ಹಾಲಿನವಳು" ಎಂದುಬಿಟ್ಟೆ. ಓರಗಿತ್ತಿ ಮತ್ತೆ ಈ ಕಡೆ ತಲೆ ಹಾಕಿಲ್ಲ.

ನನಗೆ ಬೇಕಾಗಿದ್ದುದು ಇಷ್ಟೇ. ಅವರನ್ನು ಬಲ್ಲ ಯಾರದಾದರೂ ಪಕ್ಕ ಕೂತು ಒಮ್ಮೆ ಮನಸಾರೆ ಅತ್ತುಬಿಡಬೇಕು. ಅವರನ್ನು ನನ್ನಷ್ಟೇ ಬಲ್ಲವಳು ಒಬ್ಬಳೇ ಇದ್ದಾಳೆ, ಅವಳಿಗೇ ಹೇಳುವಂತಿಲ್ಲ.

ನಿನ್ನೆ ಮಧ್ಯಾಹ್ನ ಅವಳಿಗೆ ಉಣ್ಣಿಸಿ, ಸೊಂಟ ಹಿಡಿದುಕೊಂಡು ನಾನು ತಟ್ಟೆಯ ಮುಂದೆ ಕೂತಿದ್ದೆ.

"ಅಣ್ಣ ಇನ್ನೂ ಬಂದಿಲ್ಲ, ಆಗ್ಲೇ ಊಟಕ್ಕೆ ಕೂತುಬಿಟ್ರಾ? ನಿಮಗೇನು, ಅವನು ಇದ್ರೆಷ್ಟು, ಬಿಟ್ರೆಷ್ಟು!"

ನನಗೆ ಪಿತ್ತ ನೆತ್ತಿಗೇರಿತು. "ಎಲ್ಲಿಂದ ಬರ್ತಾರೆ ಕಣೆ? ಸತ್ತುಹೋದ್ರು! ನಿಮ್ಮಣ್ಣ ಸತ್ತುಹೋದ್ರು!"

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಇನ್ನು ಆಂಬುಲೆನ್ಸೇ ಗತಿ ಎಂದುಕೊಂಡೆ. ಆದರೆ ಈ ಸಲ ಅವಳು ಎದೆ ಬಡಿದುಕೊಳ್ಳಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡಿದಳು. ಆಮೇಲೆ ಎದ್ದು ಬಂದು ಪಕ್ಕದಲ್ಲಿ ಕೂತಳು.

"ಅಯ್ಯೋ ಅತ್ತಿಗೆ, ಒಬ್ರೇ ಹೇಗೆ ತಡ್ಕೊಂಡ್ರಿ?"

ಇಷ್ಟು ದಿನ ಯಾರೂ ಕೇಳದಿದ್ದ ಮಾತು. ಎಂಜಲು ಕೈಯಲ್ಲೇ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅವಳೂ ಅತ್ತಳು. ಜೀವಮಾನವಿಡೀ ಹಾವು ಮುಂಗುಸಿಯಂತೆ ಕಿತ್ತಾಡಿದವರು ನಾವು. "ಅತ್ತುಬಿಡಿ, ನಾನಿದ್ದೀನಲ್ಲ" ಎಂದು ಬೆನ್ನು ಸವರಿದಳು. ಎಷ್ಟು ಹಾಯೆನಿಸಿತು ಎಂದರೆ, ಹೇಳಿದ್ದು ತಪ್ಪು ಎನ್ನುವುದೂ ಮರೆತುಹೋಯಿತು.

ಮುಖ ತೊಳೆಯಲು ಬಚ್ಚಲಿಗೆ ಹೋದಳು. ನೀರಿನ ಸದ್ದು ಬಹಳ ಹೊತ್ತು ಕೇಳಿತು. ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದವಳು ನನ್ನನ್ನು ಕಂಡು ಗಾಬರಿಯಾದಳು.

"ಯಾಕತ್ತಿಗೆ ಅಳ್ತಿದ್ದೀರಿ? ಅಣ್ಣ ಏನಾದ್ರೂ ಅಂದ್ನಾ? ಬರ್ಲಿ ಇವತ್ತು, ನಾನು ವಿಚಾರಿಸ್ಕೋತೀನಿ."

"ಹೂಂ ಕಣೆ," ಎಂದೆ. "ಚೆನ್ನಾಗಿ ವಿಚಾರಿಸ್ಕೋ."